ಅಧ್ಯಕ್ಷರ ಹೆಂಡತಿಯ ವಕಾಲತ್ತು

ನನ್ನ ಗಂಡ ರಾಷ್ಟ್ರಾಧ್ಯಕ್ಷರಾದ ಸುದ್ದಿ ಬಂದಾಗ ನಾನು ಬಾಂದ್ರಾದ ಕಾರ್ಮಿಕ ನ್ಯಾಯಾಲಯದ ಹೊರಗೆ ನಿಂತು ವಡಾಪಾವ್ ತಿನ್ನುತ್ತಿದ್ದೆ. ಕೈಗೆ ಎಣ್ಣೆ ಹತ್ತಿತ್ತು. ಫೋನು ಮೂರನೆಯ ಸಲ ಹೊಡೆದುಕೊಂಡಾಗ ಕರಿ ಕೋಟಿಗೇ ಬೆರಳು ಒರೆಸಿಕೊಂಡು ತೆಗೆದೆ. ಆ ಕಡೆಯಿಂದ ಒಕ್ಕೂಟದ ಕಾರ್ಯದರ್ಶಿ ಕೂಗುತ್ತಿದ್ದರು: "ವೈನೀ, ನಮ್ಮ ಅಣ್ಣಾರು ಆರಿಸಿ ಬಂದ್ರು! ಇನ್ನ ಮ್ಯಾಲೆ ನೀವು ರಾಷ್ಟ್ರಾಧ್ಯಕ್ಷರ ಹೆಂಡ್ತಿ!" ಅವರ ಹಿಂದೆ ಹಲಗೆಯ ಸದ್ದು, ಘೋಷಣೆ. "ಭಾಳ ಛಲೋ ಆತು" ಎಂದೆ. ಆದರೆ ಹೆದರಿಕೆಯಾಯಿತು, ಉಳಿದ ವಡಾಪಾವನ್ನು ಕಾಗದದಲ್ಲಿ ಸುತ್ತಿಟ್ಟೆ.

ರಾಷ್ಟ್ರಾಧ್ಯಕ್ಷರು ಅಂದಕೂಡಲೇ ಬಂಗಲೆ, ಕಾರು ಎಂದು ಯಾರೂ ತಿಳಿಯಬಾರದು. ಇವರು ಕಟ್ಟಡ ಕಾರ್ಮಿಕರ ಒಂದು ಒಕ್ಕೂಟಕ್ಕೆ ಅಧ್ಯಕ್ಷರು. ಗಾರೆಯವರು, ಟೈಲ್ಸ್ ಕೂರಿಸುವವರು, ಕಬ್ಬಿಣ ಕಟ್ಟುವವರು, ತಲೆಯ ಮೇಲೆ ಇಟ್ಟಿಗೆ ಹೊರುವ ಹೆಂಗಸರು, ಹತ್ತಾರು ರಾಜ್ಯಗಳಲ್ಲಿ ಚದುರಿಹೋದವರು ಅದರ ಸದಸ್ಯರು. ಇವರೂ ಟೈಲ್ಸ್ ಕೆಲಸದವರೇ. ಹದಿನಾರನೆಯ ವಯಸ್ಸಿಗೆ ವಿಜಯಪುರ ಜಿಲ್ಲೆಯಿಂದ ಮುಂಬಯಿಗೆ ಬಂದವರು. ವರ್ಷಗಟ್ಟಲೆ ಮೊಣಕಾಲೂರಿ ಕೂತು ಕೆಲಸ ಮಾಡಿದ್ದರಿಂದ ಮಂಡಿಗಳ ಮೇಲಿನ ಚರ್ಮ ಇವತ್ತಿಗೂ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ.

ನಾನು ಧಾರವಾಡದವಳು, ಬ್ಯಾಂಕಿನ ಗುಮಾಸ್ತರ ಮಗಳು. ಕಾನೂನು ಓದಿ ಮಾಟುಂಗಾದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ವಕೀಲಿ ಕಲಿಯುತ್ತಿದ್ದೆ. ದಿನಗೂಲಿಗೆ ಆಳುಗಳು ಬಂದು ನಿಲ್ಲುವ ನಾಕಾದಲ್ಲಿ, ಅಂದರೆ ಚೌಕದಲ್ಲಿ, ಗುಂಪುಗೂಡಿದರು ಎಂದು ಪೊಲೀಸರು ಹಿಡಿದೊಯ್ದ ಕೂಲಿಕಾರರ ಜಾಮೀನಿಗೆ ಓಡಾಡುವಾಗ ಇವರ ಪರಿಚಯವಾಯಿತು. ಮದುವೆಯಾದಾಗ ಅಪ್ಪ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಇವರೇ ಹೋಗಿ ಧಾರವಾಡದ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಕೂರಿಸಿ ಬಂದ ಮೇಲೆ ಮಾತು ಶುರುವಾಯಿತು.

ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ. ಒಕ್ಕೂಟದ ಕನ್ನಡದವರಿಗೆಲ್ಲ ನಾನು ವೈನಿ. ಕೋರ್ಟಿನಲ್ಲಿ ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿ ಮೇಡಂ, ಹೆಚ್ಚೆಂದರೆ ವಕೀಲಬಾಯಿ.

ಅಂದು ನನಗೇಕೆ ಹೆದರಿಕೆಯಾಯಿತು ಅಂದರೆ, ಇವರಿಗಿಂತ ಹಿಂದಿನ ಅಧ್ಯಕ್ಷರು ಒಂದು ಕಾಲು ಎಳೆದು ನಡೆಯುತ್ತಿದ್ದರು. ಬಿಲ್ಡರುಗಳ ಕಡೆಯವರು ಹೊಡೆದದ್ದು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಧಿವೇಶನದಿಂದ ಇವರು ಕೊರಳ ತುಂಬ ಹಾರ ಹಾಕಿಕೊಂಡು ವಡಾಲದ ನಮ್ಮ ಎರಡು ಕೋಣೆಯ ಮನೆಗೆ ಬಂದಾಗ, ಹಾರ ತೆಗೆಯುವ ನೆಪದಲ್ಲಿ ಹತ್ತಿರ ಹೋಗಿ, "ನಿಮಗ ಏನರ ಆದ್ರ ನಾ ಯಾರಿಗೆ ಹೇಳ್ಲಿ?" ಎಂದು ಕೇಳಿದೆ. ಇವರು ನಕ್ಕರು. "ನೀನ ವಕೀಲ ಇದ್ದೀ. ಕೋರ್ಟಿಗೆ ಹೇಳು."

ಆಮೇಲೆ ಇವರು ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ರಾಂಚಿ, ರಾಯಪುರ, ಪಾಟ್ನಾ. ಮನೆಯಲ್ಲಿ ನಾನು ಮತ್ತು ಮಗಳು. ವಾಶಿಯ ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ವಡಾಲದಿಂದ ಹಾರ್ಬರ್ ಲೈನಿನ ಗಾಡಿ ಹಿಡಿದು ಹೋಗುವಳು, ಸಂಜೆ ಬರುವಳು. ನಾನು ಅದೇ ಸ್ಟೇಷನ್ನಿನಿಂದ ಬಾಂದ್ರಾದ ಕಡೆ. ಮೊದಲ ಒಂದು ವರ್ಷ ನನ್ನ ಹೆದರಿಕೆಗೆ ಬುಡವೇ ಇಲ್ಲ ಎಂದು ನನಗೇ ನಗು ಬರುವಷ್ಟು ಎಲ್ಲ ಸುಸೂತ್ರವಾಗಿ ನಡೆಯಿತು.

ಎರಡನೆಯ ವರ್ಷ ಪವಾಯಿಯಲ್ಲಿ ಒಂದು ಲಿಫ್ಟ್ ಬಿತ್ತು.

ಕಟ್ಟುತ್ತಿದ್ದ ಎತ್ತರದ ಕಟ್ಟಡ. ಸಾಮಾನನ್ನೂ ಆಳುಗಳನ್ನೂ ಮೇಲೆ ಒಯ್ಯುವ, ಸುತ್ತ ಬರೀ ಜಾಳಿಗೆಯಿದ್ದ ಲಿಫ್ಟು. ಒಳಗಿದ್ದ ಇಬ್ಬರೂ ಸತ್ತರು. ಅವರಲ್ಲಿ ಲಿಫ್ಟ್ ನಡೆಸುತ್ತಿದ್ದವನು ಇವರ ಜಿಲ್ಲೆಯವನೇ. ಅವನ ಹೆಂಡತಿ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಗಂಡ ಬಿದ್ದ ಸದ್ದನ್ನು ಕಿವಿಯಾರೆ ಕೇಳಿದವಳು. ಹದಿನೈದು ದಿನಕ್ಕೆ ಸೈಟಿನ ತಗಡಿನ ಮನೆ ಖಾಲಿ ಮಾಡಿಸಿದರು. ಧಾರಾವಿಯಲ್ಲಿದ್ದ ಅಣ್ಣನ ಮನೆ ಸೇರಿಕೊಂಡಳು. ಅಲ್ಲಿಂದ ಒಂದು ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು ಬಾಗಿಲಾಚೆಯೇ ನಿಂತಳು. ಮೂವತ್ತು ದಾಟಿರಲಿಕ್ಕಿಲ್ಲ. ಒಳಗೆ ಕರೆದರೂ ಕುರ್ಚಿಯ ಮೇಲೆ ಕೂರಲಿಲ್ಲ.

"ಅಕ್ಕಾರ, ಅಂವಾ ಕುಡದಿದ್ದ, ಅದಕ್ಕ ಬಿತ್ತು ಅಂತ ಬರಕೊಂಡಾರ್ರಿ. ಅಂವಾ ಕುಡೀತಿರಲಿಲ್ಲ. ಲಿಫ್ಟಿನ ಬ್ರೇಕ್ ಜಾರಲಾಕತ್ತದ ಅಂತ ಮೂರು ದಿನ ಮೊದಲ ಸೂಪರ್‌ವೈಸರ್‌ಗೆ ಹೇಳಿದ್ದ. ನಾ ಬಾಜೂಕ ನಿಂತಿದ್ದೆ."

ನಾನು ವಕಾಲತ್ತಿಗೆ ಅವಳ ಹೆಬ್ಬೆಟ್ಟು ಹಾಕಿಸಿಕೊಂಡೆ. ಪರಿಹಾರದ ಅರ್ಜಿ ಹಾಕಿದೆ. ಇವರು ಪತ್ರಿಕೆಯವರನ್ನು ಕರೆದು ಮಾತಾಡಿದರು, ಪವಾಯಿಯ ಸೈಟಿನ ಮುಂದೆ ಧರಣಿ ಕೂತರು. ಅಷ್ಟರವರೆಗೆ ನಾವಿಬ್ಬರೂ ಒಂದೇ ಕಡೆ ಇದ್ದೆವು.

ಪ್ರಕರಣ ಸಾಕ್ಷ್ಯದ ಹಂತಕ್ಕೆ ಬರುವ ಹೊತ್ತಿಗೆ ಇವರ ಮಾತು ಸ್ವಲ್ಪ ಬೇರೆಯಾಗಿತ್ತು. "ಆ ಕಡೆಯವ್ರು ಏನಂತಾರ ಒಂದಿಷ್ಟು ಕೇಳಿ ನೋಡು" ಎಂದು ಒಂದು ಸಲ ಊಟ ಮಾಡುತ್ತ ಅಂದರು. ಇನ್ನೊಂದು ಸಲ ಪಾಟ್ನಾದಿಂದ ಫೋನಿನಲ್ಲಿ ಅಂದರು. ಆಕೆ ಬೇಗ ಹಗುರಾಗಲಿ ಎಂಬ ಕಾಳಜಿ ಇರಬೇಕು ಎಂದುಕೊಂಡೆ. "ಆಕಿಗೆ ರೊಕ್ಕಕ್ಕಿಂತ, ಗಂಡ ಕುಡುಕ ಅಲ್ಲ ಅಂತ ಬರಸೋದು ಬೇಕಾಗೇತಿ" ಎಂದೆ. ಇವರು ಮಾತು ಬದಲಿಸಿ ಮಗಳ ಓದಿನ ಬಗ್ಗೆ ಕೇಳಿದರು.

ಸಾಕ್ಷ್ಯಕ್ಕೆ ಎಂಟು ದಿನವಿದ್ದಾಗ ಅವನು ಬಂದ. ಗುರುವಾರ ಮಧ್ಯಾಹ್ನ, ಕೋರ್ಟಿನ ಕ್ಯಾಂಟೀನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೆಳು ಕನ್ನಡಕ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಯಾರೋ ಹೊಸ ಕಕ್ಷಿದಾರ ಎಂದುಕೊಂಡು ಜಾಗ ಕೊಟ್ಟೆ. ಬೆಳಗಾವಿ ಕಡೆಯ ಕನ್ನಡದಲ್ಲಿ, ನಮ್ಮ ಮನೆಯವನೇ ಎನ್ನುವಷ್ಟು ಮೆತ್ತಗೆ ಮಾತಾಡಿದ.

"ವೈನಿ, ಚಹಾ ಆರಾಕತ್ತೇತಿ, ಕುಡೀರಿ. ಆ ಪವಾಯಿ ಹೆಣಮಗಳ ಕೇಸ್ ಯಾಕ ಅಷ್ಟ ಹಚಗೊಂಡೀರಿ? ಆಕೀ ಇವತ್ತು ಇಲ್ಲಿ, ನಾಳೆ ಊರಾಗ. ನೀವು ಇಲ್ಲೇ ಇರೋರು."

"ನೀವ್ಯಾರು?" ಎಂದೆ.

ಅವನು ಹೆಸರು ಹೇಳಲಿಲ್ಲ. "ನಿಮ್ಮ ಮಗಳು ಗಾಡಿ ಬದಲಿ ಮಾಡ್ಯಾಳಲ್ರಿ? ಮದಲ ಎಂಟೂಕಾಲಿನ ಗಾಡಿಗೆ ಹೊಕ್ಕಿದ್ಲು. ಈಗ ಏಳು ನಲವತ್ತೆರಡು. ಕಡೀ ಲೇಡೀಸ್ ಡಬ್ಬಾ. ಭಾಳ ಗರ್ದಿ ಇರ್ತೇತ್ರಿ ಆ ಗಾಡಿಗೆ, ಬಾಗಲ್ದಾಗ ನಿಂದರಬ್ಯಾಡ ಅಂತ ಹೇಳ್ರಿ." ಎದ್ದು ನಿಂತು, ನನ್ನ ಚಹಾಕ್ಕೂ ಸೇರಿಸಿ ಗಲ್ಲೆಯಲ್ಲಿ ದುಡ್ಡು ಕೊಟ್ಟು ಹೊರಟುಹೋದ.

ನಾನು ಎದ್ದು ಕೂಗಬಹುದಿತ್ತು. ಸುತ್ತ ಇಪ್ಪತ್ತು ಮಂದಿ ವಕೀಲರಿದ್ದರು, ಗೇಟಿನಲ್ಲಿ ಪೊಲೀಸರಿದ್ದರು. ನೂರಾರು ಹೆಣ್ಣುಮಕ್ಕಳಿಗೆ ಅದೇ ಕ್ಯಾಂಟೀನಿನಲ್ಲಿ ಕೂತು "ಅಂಜಬ್ಯಾಡ್ರಿ, ಕಂಪ್ಲೇಂಟ್ ಕೊಡ್ರಿ" ಎಂದು ಹೇಳಿದವಳು ನಾನು. ಆದರೆ ಕೂಗಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತೆ. ನನ್ನ ಪ್ರಕರಣ ಕೂಗಿದ್ದೂ ಕೇಳಿಸಲಿಲ್ಲ. ಜೊತೆಯ ವಕೀಲರೊಬ್ಬರು ಬಂದು ಭುಜ ಮುಟ್ಟಿ ಎಬ್ಬಿಸಿದರು.

ಮನೆಗೆ ಬಂದು ಮಗಳಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹೊರಟು ಎರಡು ನಿಮಿಷಕ್ಕೆ ನಾನೂ ಬಾಗಿಲು ಎಳೆದುಕೊಂಡು ಹೊರಟೆ. ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ, ಕಂಬದ ಮರೆಗೆ ನಿಂತು ಕೆಳಗೆ ನೋಡಿದೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿದ್ದಳು. ಹಿಂದೆ ಯಾರು ನಿಂತಿದ್ದಾರೆ ಎಂಬ ಪರಿವೆಯೇ ಇಲ್ಲ. ಅವಳ ಹಿಂದೆ ಬಂದು ನಿಂತ ಪ್ರತಿಯೊಂದು ಬಿಳಿ ಅಂಗಿಗೂ ನಾನು ಕಂಬದ ಮರೆ ಬಿಟ್ಟು ಮೆಟ್ಟಿಲ ಕಡೆ ಓಡುವುದರಲ್ಲಿರುತ್ತಿದ್ದೆ. ಅಂದು ನಾನು ಕಂಡುಕೊಂಡೆ: ಮುಂಬಯಿಯಲ್ಲಿ ಬೆಳಗಿನ ಹೊತ್ತು ಬಿಳಿ ಅಂಗಿ ತೊಡದವರೇ ಕಡಿಮೆ. ಗಾಡಿ ಬಂತು, ಅವಳು ಹತ್ತಿದಳು, ಗಾಡಿ ಹೊರಟಿತು. ಆಮೇಲೆ ವಾಶಿ ತಲುಪುವವರೆಗಿನ ಹೊತ್ತನ್ನು ಗಡಿಯಾರ ನೋಡುತ್ತ ಕಳೆದು, "ಮುಟ್ಟಿದೇನು?" ಎಂದು ಮೆಸೇಜ್ ಹಾಕಿದೆ. "ಹಾಂ ಮಮ್ಮಾ. ಕ್ಯೂಂ?" ಎಂದು ಉತ್ತರ ಬಂತು.

ಹೀಗೆ ಆರು ದಿನ. ಏಳನೆಯ ದಿನ ಅವಳು ಪ್ಲಾಟ್‌ಫಾರ್ಮಿನಿಂದ ತಲೆಯೆತ್ತಿ ನೇರ ನನ್ನನ್ನೇ ನೋಡಿದಳು. ಬಂದ ಗಾಡಿ ಹತ್ತದೆ ಮೆಟ್ಟಿಲು ಏರಿ ಬಂದಳು.

"ಮಮ್ಮಾ, ನೀ ನನ್ನ ಫಾಲೋ ಮಾಡ್ತಾ ಇದ್ದೀಯಾ? ಸೀರಿಯಸ್ಲಿ? ಯಾರಾದ್ರೂ ಹುಡುಗ ಇದ್ದಾನ ಅಂತ ಡೌಟಾ?"

ಆ ಕ್ಷಣಕ್ಕೆ ನನಗೆ ಅದೇ ಸಲೀಸು ಅನ್ನಿಸಿತು. "ಹೂಂ" ಎಂದುಬಿಟ್ಟೆ. ಅವಳ ಮುಖ ಬಿದ್ದುಹೋಯಿತು. "ವಿಶ್ವಾಸ್ ಇಲ್ಲ ಅಲ್ವಾ ನನ್ ಮ್ಯಾಲೆ" ಎಂದು ಮುಂದಿನ ಗಾಡಿಗೆ ಓಡಿದಳು. ಮಗಳ ಮೇಲೆ ಸುಳ್ಳು ಅಪವಾದ ಹೊರಿಸಿ ಬಂದವಳು ಕೋರ್ಟಿನ ಮೆಟ್ಟಿಲು ಹತ್ತಿದೆ. ಸಾಕ್ಷ್ಯದ ದಿನ ಅಂದೇ ಇತ್ತು.

ವಿಧವೆ ಅಣ್ಣನ ಜೊತೆ ಬಂದಿದ್ದಳು. ಅವನಿಗೂ ಅವಳಿಗೂ ಅಂದಿನ ಕೂಲಿ ಹೋಗಿತ್ತು. ನಾನು ನ್ಯಾಯಾಧೀಶರ ಮುಂದೆ ನಿಂತು, ಮೈಯಲ್ಲಿ ಹುಷಾರಿಲ್ಲ ಎಂದು ಮುದ್ದತು ಕೇಳಿದೆ. ಎದುರು ಪಕ್ಷದ ವಕೀಲರು ಬೇಡ ಎನ್ನಲಿಲ್ಲ. ಅವರಿಗೆ ಆಶ್ಚರ್ಯವೂ ಆದಂತೆ ಕಾಣಲಿಲ್ಲ. ಮೂರು ವಾರ ಮುಂದೆ ಹೋಯಿತು. ನಿಜ ಹೇಳಬೇಕೆಂದರೆ ಆ ಮೂರು ವಾರದಲ್ಲಿ ವಕಾಲತ್ತಿನಿಂದ ಹಿಂದೆ ಸರಿಯುವ ಅರ್ಜಿಯನ್ನು ಬರೆಯಬೇಕೆಂದೇ ನಾನು ಮನಸ್ಸು ಮಾಡಿದ್ದೆ.

ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಅಂಗೈ ಕಲ್ಲಿನ ಹಾಗಿತ್ತು. "ಅಕ್ಕಾರ, ನಿಮಗೇನ ಆರಾಮ ಇಲ್ಲ ಅಂತಲ್ಲ. ನೀವು ಅಂಜೀರಿ."

ಅಣ್ಣನಿಂದ ದೂರಕ್ಕೆ, ಮೆಟ್ಟಿಲ ಬದಿಗೆ ಅವಳನ್ನು ಕರೆದುಕೊಂಡು ಹೋದೆ.

"ನಮ್ಮ ಗಲ್ಲೀಗೂ ಒಬ್ಬಾಂವ ಬಂದಿದ್ದ್ರಿ. ಕನ್ನಡಕದಾಂವ. ನಂಗೂ ಅಂಜಿಕಿ ಅದರಿ. ಮನ್ಯಾಗ ಎರಡು ಕೂಸ ಅದಾವ. ಖರೇ ಅಂಜಿ ಎಲ್ಲಿ ಹೋಗ್ಲಿ ಹೇಳ್ರಿ? ಊರಿಗಿ ಹೋದ್ರ ಅಲ್ಲೂ ಮಂದಿ ಕೇಳ್ತಾರ, ನಿನ್ನ ಗಂಡ ಕುಡದು ಇನ್ನೊಬ್ಬನ್ನೂ ಕೊಂದ್ನಂತಲ್ಲ ಅಂತ. ಲಿಫ್ಟಿನ್ಯಾಗ ಇದ್ದ ಇನ್ನೊಂದು ಹುಡುಗ ನಮ್ಮ ಓಣ್ಯಾಂವನ ಇದ್ದರಿ." ನನ್ನ ಕೈ ಬಿಟ್ಟು, "ನಿಮ್ಮ ಕೈಲಿ ಆಗೂದಿಲ್ಲ ಅಂದ್ರ ಹೇಳ್ರಿ. ಬ್ಯಾರೆ ವಕೀಲರು ನಂಗ ಗೊತ್ತಿಲ್ಲ. ನೀವ ಒಬ್ಬರನ್ನ ಹುಡಿಕಿ ಕೊಡ್ರಿ" ಎಂದಳು. ಸಿಟ್ಟಿನಿಂದ ಅನ್ನಲಿಲ್ಲ. ಸಂತೆಯಲ್ಲಿ ಒಂದು ಅಂಗಡಿಯಲ್ಲಿ ಸಿಗದಿದ್ದರೆ ಮುಂದಿನದು ಯಾವುದು ಎಂದು ಕೇಳುವ ಹಾಗೆ ಕೇಳಿದಳು.

ಅಂದು ಗಾಡಿಯಲ್ಲಿ ಕೂತು ಬರುವಾಗ ಮಾಹಿಮ್ ದಾಟಿದ ಮೇಲೆ ನನಗೆ ಹೊಳೆಯಿತು. ಇಷ್ಟು ದಿನ ಹೆದರಿಕೆಯಲ್ಲಿ ಅವನ ಮುಖವನ್ನಷ್ಟೇ ನೆನೆಯುತ್ತಿದ್ದೆ, ಮಾತನ್ನು ಬಿಡಿಸಿ ನೋಡಿರಲಿಲ್ಲ. ಅವನು ನನ್ನನ್ನು ವೈನಿ ಎಂದ. ಅದು ಒಕ್ಕೂಟದವರ ಮಾತು. ಮತ್ತೆ, ಮಗಳು ಗಾಡಿ ಬದಲಿಸಿದ್ದು ಅವನು ಬಂದ ವಾರದ ಸೋಮವಾರದಿಂದಷ್ಟೇ. ಆಸ್ಪತ್ರೆಯ ಡ್ಯೂಟಿ ಬೇಗ ಶುರುವಾಗುತ್ತದೆ ಎಂದು. ಅದನ್ನು ಅವಳು ಹೇಳಿದ್ದು ಹಿಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ. ಕಡೆಯ ಡಬ್ಬಾದಲ್ಲಿ ಗೆಳತಿ ಜಾಗ ಹಿಡಿದಿರುತ್ತಾಳೆ ಎಂದೂ ಹೇಳಿದ್ದಳು. ಊಟಕ್ಕೆ ಕೂತಿದ್ದವರು ನಾಲ್ಕೇ ಜನ. ನಾನು, ಮಗಳು, ಇವರು, ಮತ್ತು ಒಕ್ಕೂಟದ ಕಾರ್ಯದರ್ಶಿ.

ಕಾರ್ಯದರ್ಶಿ ಬೆಳಗಾವಿಯವರು. ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯ ರೊಟ್ಟಿ ತಿಂದವರು. ಮಗಳು ಹುಟ್ಟಿದಾಗ ಇವರು ಜೈಲಿನಲ್ಲಿದ್ದರು. ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಮನೆಗೆ ಬಂದವರು ಅವರೇ.

ಕಿಂಗ್ಸ್ ಸರ್ಕಲ್ ಬರುವಷ್ಟರಲ್ಲಿ ಅದಕ್ಕಿಂತ ಕೆಟ್ಟ ಯೋಚನೆ ಬಂತು. ಕಾರ್ಯದರ್ಶಿಗೆ ಗೊತ್ತಿದ್ದದ್ದು ಇವರಿಗೂ ಗೊತ್ತಿತ್ತು. "ಆ ಕಡೆಯವ್ರು ಏನಂತಾರ ಕೇಳಿ ನೋಡು" ಎಂದು ಎರಡು ಸಲ ಅಂದವರು ಇವರು. ಇಬ್ಬರಲ್ಲಿ ಯಾರು? ಇಪ್ಪತ್ನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನ ಬಗ್ಗೆ ನಾನು ಹೀಗೆ ಲೆಕ್ಕ ಹಾಕುತ್ತಿದ್ದೇನೆ ಎನ್ನುವುದೇ ನನ್ನನ್ನು ಆ ಬಿಳಿ ಅಂಗಿಯವನಿಗಿಂತ ಹೆಚ್ಚು ಹೆದರಿಸಿತು. ವಡಾಲ ಬಂದದ್ದು ಗೊತ್ತಾಗಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬಂದೆ.

ಇವರು ಊರಿಗೆ ಬರಲು ಇನ್ನೂ ಎರಡು ದಿನವಿತ್ತು. ಫೋನಿನಲ್ಲಿ ಕೇಳುವ ಮಾತಲ್ಲ. ದಿನಾ ಸಂಜೆ ಫೋನು ಬರುತ್ತಿತ್ತು: "ಊಟಾತೇನು? ಮಗಳು ಬಂದಾಳೇನು?" ಮಗಳು ಬಂದಾಳೇನು ಎಂಬ ಮಾತು ಬಂದಕೂಡಲೇ ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟುಬಿಡುತ್ತಿದ್ದೆ. ಮೊದಲೂ ದಿನಾ ಕೇಳುತ್ತಿದ್ದ ಮಾತೇ ಅದು.

ಬಂದ ದಿನ ಮಧ್ಯಾಹ್ನ ಬಡಿಸಿದೆ. ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಎದುರಿಗೆ ಕೂತೆ. ಪಾಟೀಸವಾಲಿನಲ್ಲಿ ಸಾಕ್ಷಿಗೆ ಎಲ್ಲವನ್ನೂ ಒಮ್ಮೆಲೇ ಹೇಳಬಾರದು, ಒಂದೊಂದೇ ಕೇಳಬೇಕು. ನನಗೆ ಬರುವುದು ಅದೊಂದೇ ವಿದ್ಯೆ.

"ಪವಾಯಿ ಬಿಲ್ಡರ್ ಕಡೆಯವ್ರು ನಿಮ್ಮ ಜೋಡಿ ಮಾತಾಡ್ಯಾರೇನು?"

"ನನ್ನ ಜೋಡಿ ಇಲ್ಲ."

"ಮತ್ತ ಯಾರ ಜೋಡಿ?"

ರೊಟ್ಟಿ ಹಿಡಿದ ಕೈ ನಿಂತಿತು. "ಕಾರ್ಯದರ್ಶಿ ಮಾತಾಡ್ಯಾನ. ಆ ಬಿಲ್ಡರಂದು ಮುಂಬಯ್ಯಾಗ ಭಾಳ ಸೈಟ್ ಅದಾವ. ಎಲ್ಲಾ ಕಡೆ ನಮ್ಮ ಸಂಘದ ಬೋರ್ಡ್ ಹಾಕ್ಲಾಕ ಬಿಡ್ತೀವಿ, ಕೆಲಸಗಾರರ ನೋಂದಣಿ ಮಾಡಸ್ತೀವಿ, ಈ ಕೇಸ್ ಒಂದು ರಾಜಿ ಆಗ್ಲಿ ಅಂದಾರಂತ. ಸಾವಿರಾರು ಮಂದೀಗಿ ಒಳ್ಳೇದಾಗ್ತದ. ನೋಡು ಅಂತ ನಾನ ಅಂದಿದ್ದೆ."

"ನನಗ ಯಾಕ ಹೇಳಲಿಲ್ಲ?"

"ನೀ ಒಪ್ಪಾಕಿ ಅಲ್ಲ ಅಂತ ಗೊತ್ತಿತ್ತು. ಹೊತ್ತು ನೋಡಿ ಹೇಳೂಣು ಅಂತ."

"ಮಗಳ ಗಾಡಿ ಟೈಮ್ ಅವರಿಗೆ ನೀವು ಹೇಳಿದ್ರೋ, ಕಾರ್ಯದರ್ಶಿ ಹೇಳಿದ್ರೋ?"

ಇವರು ತಲೆಯೆತ್ತಿದರು. "ಯಾವ ಗಾಡಿ?"

ಸಾಕ್ಷಿಗಳ ಮುಖ ನೋಡುವುದೇ ನನ್ನ ಕಸುಬು. ಗಾಡಿಯ ಸುದ್ದಿ ಹೊರಗೆ ಹೋದದ್ದು ಇವರಿಗೆ ಗೊತ್ತಿರಲಿಲ್ಲ. ಅದು ತಿಳಿದ ಮರುಗಳಿಗೆ ನನಗೆ ಅಳು ಬಂತು, ಕ್ಯಾಂಟೀನಿನಲ್ಲಿ ಬಾರದ ಅಳು. ಅಳುತ್ತಲೇ ಎಲ್ಲ ಹೇಳಿದೆ. ಇವರು ಎದ್ದು ಕೈ ತೊಳೆದರು. ಕಿಟಕಿಯ ಹತ್ತಿರ ಹೋಗಿ ನಿಂತರು.

"ಮಗಳ ಮುಂದ ನೀ ಹುಡುಗನ ಸಲುವಾಗಿ ಅಂತ ಸುಳ್ಳು ಹೇಳೀದಿ?" ಎಂದರು ಕೊನೆಗೆ.

"ಹೌದು."

"ಮದಲ ಆಕೀಗಿ ಖರೇ ಹೇಳು."

ಸಂಜೆ ಮಗಳಿಗೆ ಇಬ್ಬರೂ ಕೂತು ಹೇಳಿದೆವು. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಹೆದರಿಕೆಗಿಂತ ಸಿಟ್ಟೇ ಮೊದಲು ಬಂತು. "ನಂದೇ ಲೈಫ್ ಬಗ್ಗೆ ಸಬ್‌ಕೋ ಗೊತ್ತು, ನನಗ ಬಿಟ್ಟು!" ಎಂದು ಕೂಗಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು, ಬಹಳ ಸಣ್ಣ ದನಿಯಲ್ಲಿ, "ಕಾಕಾ ಹೇಳಿದ್ರಾ? ಪಕ್ಕಾ? ಕಾಕಾ?" ಎಂದು ಮೂರು ಸಲ ಕೇಳಿದಳು.

ಕಾರ್ಯದರ್ಶಿ ಮರುದಿನ ಬೆಳಿಗ್ಗೆ ಬಂದರು. ಇವರು ಬಾ ಎಂದಷ್ಟೇ ಫೋನು ಮಾಡಿದ್ದರು. ಯಾವತ್ತಿನಂತೆ ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, "ವೈನಿ, ಅರ್ಧಾ ಕಪ್ ಚಹಾ" ಎಂದರು. ನಾನು ಮಾಡಲಿಲ್ಲ.

ಇವರು ನೇರ ಕೇಳಿದರು. ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ಎಷ್ಟೋ ವಾಸಿಯಿತ್ತು.

"ವೈನೀಗೆ ಅಂಜಸಬೇಕಂತ ಇರಲಿಲ್ಲೋ ಅಣ್ಣಾ. ಮನಸ್ಸು ಬದಲಿ ಆಗ್ಲಿ ಅಂತ ಅಷ್ಟ. ವೈನಿಗೆ ಯಾವುದಕ್ಕ ಮನಸ್ಸು ಕರಗತೇತಿ ಅಂತ ಅವರು ಕೇಳಿದ್ರು, ಮಗಳಂದ್ರ ಜೀವ ಅಂತ ಹೇಳಿದೆ. ಮಾತ ಬಂತು, ಗಾಡಿ ಸುದ್ದೀನೂ ಹೇಳಿದೆ. ಆ ಮನಷ್ಯಾ ಹಂಗ ಹೋಗಿ ಮಾತಾಡ್ತಾನಂತ ನಂಗೇನ ಗೊತ್ತು?"

"ಗೊತ್ತಿರಲಿಲ್ಲೇನು?" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಒಳಕೋಣೆಯ ಪರದೆಯ ಹಿಂದೆ ಮಗಳು ನಿಂತಿದ್ದು ಅವರಿಗೂ ಕಾಣುತ್ತಿತ್ತು.

"ರಾಜೀನಾಮೆ ಬರದು ಕೊಟ್ಟು ಹೋಗು" ಎಂದರು ಇವರು.

ಕಾರ್ಯದರ್ಶಿ ಎದ್ದರು. ದನಿ ಬದಲಾಯಿತು. "ನಾ ಹೋದ್ರ ನಾನೊಬ್ಬನ ಹೋಗಂಗಿಲ್ಲ ಅಣ್ಣಾ. ಅರ್ಧಕ್ಕರ್ಧಾ ರಾಜ್ಯಗಳ ಕಮಿಟಿ ನನ್ನ ಹಿಂದ ಬರ್ತಾವು. ಮುಂದಿನ ಅಧಿವೇಶನಕ್ಕ ನೀ ಅಧ್ಯಕ್ಷ ಇರೂದಿಲ್ಲ. ಒಂದು ಕೇಸಿನ ಸಲುವಾಗಿ, ನೋಡು."

ಅವರು ಹೋದ ಮೇಲೆ ನಾನು ಇವರಿಗೆ ಹೇಳಿದೆ, "ನಾ ಪೊಲೀಸರಿಗೆ ಬರದು ಕೊಡ್ತೀನಿ. ಅದರಾಗ ಕಾರ್ಯದರ್ಶಿ ಹೆಸರೂ ಬರತೇತಿ. ಒಕ್ಕೂಟದ ಹೆಸರು ಪೇಪರಿನ್ಯಾಗ ಬರಬಹುದು." ಇವರು ತಕ್ಷಣ ಒಪ್ಪಲಿಲ್ಲ. "ಎರಡು ದಿನಾ ಕೊಡು" ಎಂದರು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ. ಮೂವತ್ತು ವರ್ಷ ಕಟ್ಟಿದ ಸಂಘ. ಆ ಎರಡು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಗಳು ಕಾಲೇಜಿಗೆ ಹೋಗಲಿಲ್ಲ. ಇವರು ಬೇಡ ಎಂದರೆ ನಾನೊಬ್ಬಳೇ ಹೋಗುತ್ತೇನೆಯೇ, ಹೋದ ಮೇಲೆ ಈ ಮನೆಗೆ ಹೇಗೆ ವಾಪಸು ಬರಲಿ ಎಂದು ಅಕ್ಕಿ ಆರಿಸುತ್ತ, ಬಟ್ಟೆ ಮಡಚುತ್ತ ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಇವರು ಗಡ್ಡ ಮಾಡಿಕೊಂಡು, ಅಂಗಿ ತೊಟ್ಟು, "ನಡಿ" ಎಂದರು.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಮಹಿಳಾ ಅಧಿಕಾರಿ ನನ್ನ ಹೆಸರು, ವಯಸ್ಸು, ಕಸುಬು ಎಲ್ಲ ಕೇಳಿ, "ಪತೀಚಾ ವ್ಯವಸಾಯ?" ಎಂದು ಮರಾಠಿಯಲ್ಲಿ ಗಂಡನ ಕಸುಬು ಕೇಳಿದರು. ನಾನು ಏನು ಹೇಳಬೇಕೆಂದು ತಡವರಿಸಿದೆ. ಪಕ್ಕದಲ್ಲಿದ್ದ ಇವರೇ ಹೇಳಿದರು: "ಟೈಲ್ಸ್ ಕೆಲಸ." ಅವರು ಹಾಗೆಯೇ ಬರೆದುಕೊಂಡರು. ನನ್ನ ಹೇಳಿಕೆಯನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದೆ.

ದೂರು ಕೊಟ್ಟರೆ ಹೆದರಿಕೆ ಹೋಗುತ್ತದೆ ಎಂದು ನಾನು ಕಕ್ಷಿದಾರರಿಗೆ ಹೇಳುತ್ತಿದ್ದುದು ಸುಳ್ಳು. ಅದು ಹೆಚ್ಚಾಗುತ್ತದೆ. ಕಟ್ಟಡದ ಕೆಳಗೆ ಮೋಟಾರ್ ಸೈಕಲ್ ನಿಂತರೆ ನಾನು ಅಡುಗೆಮನೆಯ ಒಲೆ ಆರಿಸಿ ಕಿವಿಗೊಡುತ್ತಿದ್ದೆ. ಮಗಳನ್ನು ಮೂರು ತಿಂಗಳಿಗೆಂದು ವಾಶಿಯಲ್ಲೇ ಗೆಳತಿಯ ಮನೆಯಲ್ಲಿ ಇರಿಸಿದೆವು. ಮನೆಯಲ್ಲಿ ಅವಳ ಪುಸ್ತಕಗಳ ಮೇಲೆ ಧೂಳು ಕೂತಿತು.

ಮೂರು ವಾರದ ಮುದ್ದತು ಮುಗಿದು ಸಾಕ್ಷ್ಯದ ದಿನ ಬಂತು. ವಿಧವೆ ಕಟಕಟೆ ಹತ್ತಿದಳು. ಎದುರು ಪಕ್ಷದ ವಕೀಲರು ಒಂದು ಗಂಟೆ ಪ್ರಶ್ನೆ ಮಾಡಿದರು. ದುಭಾಷಿ ಹಿಂದಿಯಿಂದ ಕನ್ನಡಕ್ಕೆ ತಿರುಗಿಸುವ ಮೊದಲೇ ಅವಳಿಗೆ ಪ್ರಶ್ನೆ ಅರ್ಥವಾಗಿರುತ್ತಿತ್ತು. ಗಂಡ ಕುಡಿಯುತ್ತಿದ್ದನಲ್ಲವೇ ಎಂದು ನಾಲ್ಕು ಬಗೆಯಲ್ಲಿ ಕೇಳಿದರು. ನಾಲ್ಕು ಸಲವೂ "ಇಲ್ರಿ" ಎಂದಳು, ದನಿ ಏರಿಸದೆ. ನಾನು ಹಿಂದೆ ತಿರುಗಿ ನೋಡಬಾರದಿತ್ತು, ನೋಡಿದೆ. ಕೊನೆಯ ಬೆಂಚಿನಲ್ಲಿ ಅವನು ಕೂತಿದ್ದ. ಅದೇ ಕನ್ನಡಕ.

ಸೂಪರ್‌ವೈಸರನ ಸರದಿ ಬಂದಾಗ ಪಾಟೀಸವಾಲಿಗೆ ಎದ್ದೆ. ಬಾಯಿಂದ ಮಾತು ಬರಲಿಲ್ಲ. ನ್ಯಾಯಾಧೀಶರು ನೀರು ಕುಡಿಯಿರಿ ಎಂದರು. ಲೋಟ ಹಿಡಿದರೆ ನೀರು ಕಾಗದದ ಮೇಲೆ ಚೆಲ್ಲಿತು, ನಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳ ಶಾಯಿ ಹರಡಿಹೋಯಿತು. ಹಾಗಾದದ್ದೇ ಒಳ್ಳೆಯದಾಯಿತೇನೋ. ಕಾಗದ ಮಡಚಿಟ್ಟು, ಸೂಪರ್‌ವೈಸರನ ಮುಖ ಮಾತ್ರ ನೋಡುತ್ತ ಕೇಳತೊಡಗಿದೆ. ಲಿಫ್ಟಿನ ದುರಸ್ತಿಯ ಪುಸ್ತಕ ಎಲ್ಲಿ? ಸೈಟಿನಲ್ಲಿ ಇತ್ತು. ಈಗ? ಸಿಗುತ್ತಿಲ್ಲ. ಯಾವಾಗಿನಿಂದ? ಆ ಘಟನೆಯ ಮರುದಿನದಿಂದ. ಕುಡಿದವನನ್ನು ಅಂದು ಬೆಳಿಗ್ಗೆ ಲಿಫ್ಟಿಗೆ ಬಿಟ್ಟವರು ಯಾರು? ಅವನು ತನ್ನ ಕಡೆಯ ವಕೀಲರತ್ತ ನೋಡಿದ. ಮತ್ತೆ ಕೇಳಿದೆ. "ಅವನು ಕುಡಿದಿದ್ದ ಅಂತ ನಾನು ನೋಡಿಲ್ಲ, ಹಾಗೆ ಬರೆಯಿರಿ ಅಂತ ಹೇಳಿದರು" ಎಂದ. ಹೇಳಿದವರು ಯಾರು ಎಂಬುದು ದಾಖಲೆಗೆ ಹೋಯಿತು.

ಏಳು ತಿಂಗಳ ಮೇಲೆ ತೀರ್ಪು ಬಂತು. ಬಿಲ್ಡರ್ ಪರಿಹಾರ ಕೊಡಬೇಕು ಎಂದಿತ್ತು, ಲಿಫ್ಟ್ ನಡೆಸುತ್ತಿದ್ದವನದು ತಪ್ಪಿಲ್ಲ ಎಂದೂ ಸ್ಪಷ್ಟವಾಗಿ ಬರೆದಿತ್ತು. ಅವಳಿಗೆ ಓದಿ ಹೇಳಿದೆ. ತಪ್ಪಿಲ್ಲ ಎಂಬ ಆ ಒಂದು ಸಾಲನ್ನು ಮಾತ್ರ ಇನ್ನೊಮ್ಮೆ ಓದಿಸಿದಳು. ಅದರ ಪ್ರತಿ ಎರಡು ಬೇಕು ಎಂದಳು, ಒಂದು ತನಗೆ, ಒಂದು ಲಿಫ್ಟಿನಲ್ಲಿ ಸತ್ತ ಇನ್ನೊಬ್ಬ ಹುಡುಗನ ತಾಯಿಗೆ. ನನ್ನ ದೂರಿನ ಪ್ರಕರಣ ಇನ್ನೂ ನಡೆಯುತ್ತಿದೆ. ಬಿಳಿ ಅಂಗಿಯವನಿಗೆ ಜಾಮೀನು ಸಿಕ್ಕಿದೆ. ಕಾರ್ಯದರ್ಶಿ ಅಂದಂತೆಯೇ ನಡೆದುಕೊಂಡರು. ಒಕ್ಕೂಟ ಒಡೆಯಿತು. ಮುಂದಿನ ಅಧಿವೇಶನದಲ್ಲಿ ಇವರು ಸೋತರು.

ಸೋತ ಸುದ್ದಿಯನ್ನು ಇವರೇ ಫೋನಿನಲ್ಲಿ ಹೇಳಿದರು. ಮೊದಲು ನನಗೆ ಆದದ್ದು ಸಮಾಧಾನ. ಎಷ್ಟೋ ತಿಂಗಳ ಮೇಲೆ ಭುಜ ಸಡಿಲಾಯಿತು. ಅದರ ಹಿಂದೆಯೇ ನಾಚಿಕೆ ಬಂತು. ಇವರ ದನಿ ಆ ಕಡೆ ಒಡೆದಿತ್ತು, ನಾನು ಈ ಕಡೆ ಹಗುರಾಗಿ ನಿಂತಿದ್ದೆ. "ಬರ್ರಿ ಮನೀಗೆ" ಎಂದಷ್ಟೇ ಹೇಳಿದೆ.

ಈಗ ಇವರು ಬೆಳಿಗ್ಗೆ ಧಾರಾವಿಯ ನಾಕಾಕ್ಕೆ ಹೋಗುತ್ತಾರೆ, ಕೂಲಿಗೆ ನಿಂತವರ ಜೊತೆ ಮಾತಾಡಿ ಬರುತ್ತಾರೆ. ಮಗಳು ಮನೆಗೆ ವಾಪಸು ಬಂದಿದ್ದಾಳೆ. ಓದು ಮುಗಿಯಿತು, ಚೆಂಬೂರಿನಲ್ಲಿ ಕೆಲಸ. ಕಾಕಾನ ಮಾತು ತೆಗೆಯುವುದಿಲ್ಲ. ನಾನು ತೆಗೆದರೆ ಎದ್ದು ಹೋಗುತ್ತಾಳೆ.

ಹೋದ ತಿಂಗಳು ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತ ಹೇಳಿದರು, "ಹುಡುಗೂರು ಮತ್ತ ನಿಂದರ್ರಿ ಅಂತಾರ. ಒಡದವರೂ ಒಂದಿಷ್ಟು ಮಂದಿ ತಿರುಗಿ ಬರ್ಲಾಕತ್ತಾರ. ನೀ ಏನಂತಿ?"

ನಾನು ವಕೀಲಳಾಗಿ ಎರಡೂ ಕಡೆಯ ವಾದ ಮಾಡಬಹುದಿತ್ತು. ಮಾಡಲಿಲ್ಲ. "ಬ್ಯಾಡ" ಎಂದೆ. "ನನಗ ಅಂಜಿಕಿ ಆಗತೇತಿ."

ಇವರು ತಲೆಯಾಡಿಸಿ ಊಟ ಮುಗಿಸಿದರು. ಆ ಮೇಲೆ ಆ ವಿಷಯ ಕೇಳಿಲ್ಲ. ಭಾನುವಾರ ಬೆಳಿಗ್ಗೆ ರಾಂಚಿಯಿಂದ, ರಾಯಪುರದಿಂದ ಫೋನುಗಳು ಬರುತ್ತವೆ. ಇವರು ಗ್ಯಾಲರಿಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಮಾತಾಡುತ್ತಾರೆ. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಒಮ್ಮೊಮ್ಮೆ ಇವರು ನಗುವುದು ಕೇಳಿಸುತ್ತದೆ. ನಾಮಪತ್ರ ಹಾಕುವ ದಿನ ಇನ್ನೂ ದೂರ ಇದೆ.